ಒಮಾನ್ ಜೊತೆ ನಮ್ದು 'ಐದು ಸಾವಿರ ವರ್ಷದ ಸ್ನೇಹ' ಅಂತಾರಲ್ಲ, ಅದ್ರಲ್ಲಿ ಸ್ನೇಹ ಎಷ್ಟು, ವ್ಯಾಪಾರದ ಲೆಕ್ಕ ಎಷ್ಟು?

ಬಯಲುಸೀಮೆ_ಹುಡ್ಗ
2025ರ ಡಿಸೆಂಬರ್ 18ಕ್ಕೆ ಮಸ್ಕತ್‌ನಲ್ಲಿ ಭಾರತ-ಒಮಾನ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿತ್ತಲ್ಲ, ಅವತ್ತಿಂದ ಟೀವಿಲಿ ಎಲ್ಲ ಕಡೆ ಒಂದೇ ಡೈಲಾಗು, ಐದು ಸಾವಿರ ವರ್ಷದ ಸ್ನೇಹ, ನಾಗರಿಕತೆಗಳ ನಂಟು ಅಂತ. ಸರಿ ಗುರು ಒಪ್ಕೊಂಡೆ, ಆದ್ರೆ ಅಷ್ಟೂ ವರ್ಷ ಯಾರು ಯಾರಿಗೆ ಏನ್ ಮಾರ್ತಿದ್ರು, ದುಡ್ಡು ಯಾರ ಜೇಬಿಗೆ ಹೋಗ್ತಿತ್ತು ಅಂತ ಒಬ್ರೂ ಬಿಡಿಸಿ ಹೇಳಲ್ಲ. ಮಸ್ಕತ್ ಅಂದ್ರೆ ನಂಗೆ ಗೊತ್ತಿರೋದು ಖರ್ಜೂರ, ಮತ್ತೆ ಅಲ್ಲಿ ಕೆಲ್ಸ ಮಾಡೋ ನಮ್ಮೋರು, ಅಷ್ಟೇ. ಕರಾವಳಿಯವ್ರು, ಅಲ್ಲೇ ಇರೋರು ಯಾರಾದ್ರೂ ಇದ್ರೆ ಸ್ವಲ್ಪ ಉದ್ದಕ್ಕೇ ಬರೀರಪ್ಪ, ಎರಡು ಲೈನಲ್ಲಿ ಮುಗಿಸ್ಬೇಡಿ.

ಘಟ್ಟದ_ಕೆಳಗೆ
ಉದ್ದಕ್ಕೆ ಬೇಕಾ ಮಾರಾಯ್ರೆ, ತಗೊಳ್ಳಿ ಹಾಗಾದ್ರೆ.

ಮೊದ್ಲು ಒಂದು ವಿಷಯ ತಲೆಲಿಟ್ಕೊಳ್ಳಿ. ಒಮಾನಿನವ್ರಿಗೆ ಸಮುದ್ರ ಉಂಟು, ಬಂದರು ಉಂಟು, ಹಡಗು ನಡೆಸುವ ಕೈ ಉಂಟು, ಆದ್ರೆ ಹಡಗು ಕಟ್ಟುವ ಮರ ಇಲ್ಲ, ಹೊಟ್ಟೆ ತುಂಬುವಷ್ಟು ಅಕ್ಕಿ ಬೆಳೆಯುವ ನೀರೂ ಇಲ್ಲ. ಎರಡೂ ನಮ್ಮ ಪಶ್ಚಿಮ ಕರಾವಳಿಯಲ್ಲಿ ಬೇಕಾದಷ್ಟು. ತೇಗ ಇಲ್ಲಿಂದ, ಹಲಗೆ ಹೊಲಿಯುವ ತೆಂಗಿನ ನಾರಿನ ಹಗ್ಗ ಇಲ್ಲಿಂದ, ಅಕ್ಕಿ ಇಲ್ಲಿಂದ. ಹಳೇ ಅರಬ್ ಹಡಗುಗಳಿಗೆ ಮೊಳೆ ಹೊಡೀತಿರ್ಲಿಲ್ಲ, ಹಗ್ಗದಲ್ಲೇ ಹೊಲೀತಿದ್ದದ್ದು. ಅಂದ್ರೆ ಒಮಾನಿನ ಹಡಗಿನ ಅರ್ಧ ಮೈ ಹುಟ್ಟಿದ್ದೇ ಇಲ್ಲಿ.

ಅದಕ್ಕಿಂತ ಹಿಂದಕ್ಕೆ ಹೋದ್ರೆ ತಾಮ್ರ. ಮೆಸೊಪೊಟೇಮಿಯದ ಜೇಡಿಮಣ್ಣಿನ ಹಲಗೆಗಳಲ್ಲಿ ಮಗನ್ ಅಂತ ಒಂದು ದೇಶ ಬರ್ತದೆ, ತಾಮ್ರದ ನಾಡು, ಅದು ಈಗಿನ ಒಮಾನ್ ಕಡೆಯೇ ಅಂತ ಹೆಚ್ಚಿನವ್ರು ಹೇಳ್ತಾರೆ. ಅರೇಬಿಯಾದ ಪೂರ್ವ ತುದಿಯಲ್ಲಿ ರಾಸ್ ಅಲ್ ಜಿನ್ಜ್ ಅಂತ ಜಾಗ ಉಂಟು, ಅಲ್ಲಿ ಅಗೆದಾಗ ಸಿಂಧೂ ಕಣಿವೆಯ ಮಡಕೆ ಚೂರು, ಮುದ್ರೆ ಎಲ್ಲ ಸಿಕ್ಕಿದೆ, ಜೊತೆಗೆ ಹಡಗಿನ ಮೈಗೆ ಬಳೀತಿದ್ದ ಡಾಂಬರಿನ ತುಂಡುಗಳು, ಅದ್ರ ಮೇಲೆ ಹಗ್ಗದ ಗುರುತು ಹಾಗೇ ಉಳಿದಿದೆ. ದಕ್ಷಿಣಕ್ಕೆ ಧೋಫಾರ್‌ನಲ್ಲಿ ಲೋಬಾನ ಬೆಳೀತದೆ, ಅಲ್ಲಿನ ಖೋರ್ ರೋರಿ ಹಳೇ ಬಂದರಿನಲ್ಲಿ ತಮಿಳು ಬ್ರಾಹ್ಮಿ ಅಕ್ಷರ ಇರುವ ಮಡಕೆ ಚೂರು ಸಿಕ್ಕಿದೆ. ಹಾಗಾಗಿ ಸಾವಿರಾರು ವರ್ಷ ಅನ್ನೋದು ಬುರುಡೆ ಅಲ್ಲ. ಸ್ನೇಹವೋ ಅಲ್ವೋ ಅದು ಬೇರೆ ಪ್ರಶ್ನೆ.

ಇನ್ನು ಗಾಳಿ. ಜೂನ್‌ನಿಂದ ಆಗಸ್ಟ್ ವರೆಗೆ ನಮ್ಮ ಬಂದರುಗಳು ಬಂದ್, ಅಷ್ಟು ಮಳೆ ಗಾಳಿ. ಮಳೆಗಾಲದ ಬಾಲ ಹಿಡ್ಕೊಂಡು ಅಲ್ಲಿಂದ ಇಲ್ಲಿಗೆ ಬರೋದು, ಚಳಿಗಾಲದ ಈಶಾನ್ಯ ಗಾಳಿಗೆ ವಾಪಸ್ ಹೋಗೋದು. ಮಧ್ಯೆ ತಿಂಗಳುಗಟ್ಟಲೆ ಇಲ್ಲೇ ಬಿಡಾರ. ಆ ಬಿಡಾರದಿಂದಲೇ ಮದುವೆ, ಮನೆ, ಮಸೀದಿ, ಸಾಲ ಎಲ್ಲ ಶುರುವಾದದ್ದು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಮೀಕ್ಷೆಗೆ ಕಳಿಸಿದ ಬುಕಾನನ್ ಮಂಗಳೂರಿಗೆ ಬಂದಾಗ ಇಲ್ಲಿಂದ ಹೋಗುವ ಮುಖ್ಯ ಮಾಲು ಅಕ್ಕಿ, ಹೋಗುವ ಊರುಗಳಲ್ಲಿ ಮಸ್ಕತ್ ಒಂದು ಅಂತ ಬರೆದಿದ್ದಾನೆ.

ಹುಬ್ಳಿ_ಮಂದಿ
ಅಕ್ಕಿ ಆತು, ಮರ ಆತು, ಕುದುರಿ ಎಲ್ಲಿ ಬಿಟ್ರಿ? ನಮ್ಮ ಕಡೆಯ ಇತಿಹಾಸ ಅಂದ್ರ ಕುದುರಿನ ರೀ! ಬಹಮನಿ, ವಿಜಯನಗರ ಎರಡೂ ಬಡಿದಾಡಿದ್ದು ಅದರ ಮ್ಯಾಲ. ನಮ್ಮ ಹವಾಕ್ಕ, ನಮ್ಮ ಮೇವಿಗೆ ಅರಬಿ ಕುದುರಿ ಬಾಳ ದಿನ ಬಾಳೂದಿಲ್ಲ, ಮರಿನೂ ಚಂದ ಆಗೂದಿಲ್ಲ, ಹಂಗಾಗಿ ವರ್ಷಾ ವರ್ಷಾ ಹೊಸಾವು ತರಸಬೇಕು. ಇದನ್ನ ಮಾರ್ಕೊ ಪೋಲೊ ಹೇಳ್ಯಾನ, ಒಮಾನಿನ ಕಲ್ಹಾತ್ ಬಂದರದಿಂದ ಭಾರತಕ್ಕ ಕುದುರಿ ಹೊಕ್ಕಾವು ಅಂತನೂ ಹೇಳ್ಯಾನ. ಆ ಕಲ್ಹಾತ್ ಆವಾಗ ಹೊರ್ಮುಜ್ ರಾಜ್ಯದ ಎರಡನೇ ಊರು. ಈ ಕಡೆ ಇಳಸೂದು ಭಟ್ಕಳ, ಹೊನ್ನಾವರ, ಗೋವಾದಾಗ.

ಇದರಾಗ ನನಗ ಬಾಳ ಸೇರಿದ್ದು ಒಂದು ಮಾತು ಐತಿ ನೋಡ್ರಿ. ಪೋರ್ಚುಗೀಸ ಕುದುರಿ ವ್ಯಾಪಾರಿ ನುನಿಜ್ ಬರದಾನ, ಸಾಳುವ ನರಸಿಂಹನ ಕಾಲಕ್ಕ ಕುದುರಿ ಜೀವಂತ ಬಂದ್ರೂ ರೊಕ್ಕ, ಹಡಗದಾಗ ಸತ್ರೂ ರೊಕ್ಕ, ಸತ್ತ ಕುದುರಿದು ಬಾಲ ಅಷ್ಟ ತಂದು ತೋರಿಸಿದ್ರ ಸಾಕಂತ! ವ್ಯಾಪಾರಿಗೆ ರಾಜಾನ ಇನ್ಶೂರೆನ್ಸ್ ಕೊಟ್ಟಂಗ. ಇದು ಧಾರಾಳತನ ಅಲ್ರೀ, ವ್ಯಾಪಾರಿ ಹೆದರಿ ಬಹಮನಿ ಸುಲ್ತಾನನ ಕಡೆ ಹೋಗಬಾರದು ಅಂತ ಮಾಡಿದ್ದು. ಹಂಪ್ಯಾಗ ಮಹಾನವಮಿ ದಿಬ್ಬದ ಕಲ್ಲಿನ್ಯಾಗ ಕುದುರಿ ಹಿಡಕೊಂಡು ನಿಂತ ಪರದೇಶಿ ವ್ಯಾಪಾರಿಗಳನ್ನ ಕೆತ್ಯಾರ, ಹೋದವ್ರು ನೋಡಿರಬೇಕು.

ಬಯಲುಸೀಮೆ_ಹುಡ್ಗ
ಬಾಲ ತೋರ್ಸಿದ್ರೆ ಕಾಸು 😂 ಸತ್ತ ಕುದುರೆ ಒಂದ್ರ ಬಾಲ ಎರಡು ಸಲ ತೋರ್ಸಿರೋರೂ ಇರ್ತಾರೆ ಬಿಡಿ.

ಕಾವೇರಿ_ತೀರ
ಟಿಪ್ಪು ಹೆಸರು ಇನ್ನೂ ಯಾಕೆ ಬಂದಿಲ್ಲ ಅಂತ ನೋಡ್ತಿದೀನಿ. ಶ್ರೀರಂಗಪಟ್ಟಣದಿಂದ ಮಸ್ಕತ್‌ಗೆ ನೇರ ವ್ಯವಹಾರ ಇತ್ತು, ಅಲ್ಲಿ ಟಿಪ್ಪುವಿನದೇ ಕೋಠಿ ಅಂದ್ರೆ ವ್ಯಾಪಾರದ ಮಳಿಗೆ, ಅದನ್ನ ನೋಡ್ಕೊಳ್ಳೋಕೆ ಮೀರ್ ಕಾಜಿಂ ಅನ್ನೋ ದಾರೋಗ, ಅಲ್ಲಿನ ದಲಾಲಿ ಮಾವ್‌ಜಿ ಸೇಠ್. ಗಂಧ, ಮೆಣಸು, ಏಲಕ್ಕಿ, ಅಕ್ಕಿ ಸರ್ಕಾರಿ ಹಡಗಲ್ಲಿ ಹೋಗ್ತಿತ್ತು. ಬೆಲೆ ಏರೋವರೆಗೂ ಗಂಧ ಮಾರ್ಬೇಡ, ಇಟ್ಕೋ ಅಂತೆಲ್ಲ ಇಲ್ಲಿಂದಲೇ ಕಾಗದ ಬರೀತಿದ್ರು. ಅಲ್ಲಿಂದ ಗಂಧಕ ತರ್ಸೋದು, ಹಡಗು ಕಟ್ಟೋ ಬಡಗಿಗಳನ್ನ ಕರೆಸೋದು, ರೇಷ್ಮೆ ಹುಳ ತರ್ಸೋದು. ರಾಮನಗರ ಮಾರ್ಕೆಟ್ಟಲ್ಲಿ ನಿಂತ್ಕೊಂಡು ಗೂಡು ಹರಾಜು ನೋಡುವಾಗ ಇದು ನೆನಪಾಗುತ್ತೆ ನಂಗೆ.

ಸುಮ್ನೆ_ಓದುಗ
ಶುರುವಾಯ್ತು ನೋಡಿ, ಇನ್ನು ಥ್ರೆಡ್ ಹಳ್ಳ ಹಿಡೀತು.

ಮಲೆನಾಡ_ಅಡಿಕೆ
ಹಳ್ಳ ಹಿಡೀಬೇಕಾಗಿಲ್ಲ, ಒಂದೇ ಪ್ರಶ್ನೆ. ಕಾವೇರಿ ತೀರದವ್ರೇ, ಅದನ್ನ ದೇಶಕ್ಕಾದ ಲಾಭ ಅಂತ ಹೇಗೆ ಹೇಳ್ತೀರಿ? ಗಂಧ ಮೆಣಸೆಲ್ಲ ಸರ್ಕಾರದ ಏಕಸ್ವಾಮ್ಯ, ಬೆಳೆದೋನು ಸರ್ಕಾರ ಹೇಳಿದ ರೇಟಿಗೆ ಕೊಡ್ಬೇಕು, ಮಧ್ಯದ ಖಾಸಗಿ ವ್ಯಾಪಾರಿ ಮಾಯ. ಕೆಳದಿ ಕಾಲದಲ್ಲೂ ಬಸ್ರೂರು, ಮಂಗಳೂರಿಂದ ಅಕ್ಕಿ ಮಸ್ಕತ್ತಿಗೆ ಹೋಗ್ತಿತ್ತು, ಆಗ ವ್ಯಾಪಾರ ಸೆಟ್ಟಿಗಳ ಕೈಲಿತ್ತು. ಟಿಪ್ಪು ಮಾಡಿದ್ದು ಹೊಸ ದಾರಿ ಅಲ್ಲ, ಹಳೇ ದಾರಿಗೆ ಸರ್ಕಾರಿ ಗೇಟ್ ಹಾಕಿದ್ದು.

ಕಾವೇರಿ_ತೀರ
ಸ್ವಾಮಿ, ಗೇಟ್ ಹಾಕಿದ್ದು ಯಾಕೆ ಅಂತಾನೂ ನೋಡ್ಬೇಕಲ್ಲ. ಈಸ್ಟ್ ಇಂಡಿಯಾ ಕಂಪನಿಯವ್ರ ಕೈಗೆ ಮೆಣಸು ಗಂಧ ಸಿಗಬಾರ್ದು, ಅಷ್ಟೇ ಉದ್ದೇಶ, ಅದು ಯುದ್ಧದ ಆರ್ಥಿಕತೆ. ಏಕಸ್ವಾಮ್ಯದಿಂದ ಬೆಳೆಗಾರನಿಗೆ ಏಟು ಬಿತ್ತು ಅನ್ನೋದನ್ನ ನಾನೇನು ಅಲ್ಲಗಳೀತಿಲ್ಲ. ಆದ್ರೆ ಕೊನೆಗೆ ಆಗಿದ್ದೇನು ಅಂದ್ರೆ 1798ರ ಅಕ್ಟೋಬರ್‌ನಲ್ಲಿ ಮಸ್ಕತ್ ಸುಲ್ತಾನ ಕಂಪನಿ ಜೊತೆ ಕೌಲು ಬರ್ಕೊಂಡ, ಫ್ರೆಂಚರಿಗೆ ಜಾಗ ಕೊಡಲ್ಲ ಅಂತ. ಕೆಲವೇ ತಿಂಗಳಿಗೆ ನೆಪೋಲಿಯನ್ ಈಜಿಪ್ಟಿಂದ ಮಸ್ಕತ್ ಮೂಲಕ ಟಿಪ್ಪುವಿಗೆ ಕಾಗದ ಕಳಿಸ್ತಾನೆ, ಅದು ದಾರಿಲೇ ಇಂಗ್ಲಿಷರ ಕೈಗೆ ಸಿಗುತ್ತೆ. ಮೇ 1799ಕ್ಕೆ ಶ್ರೀರಂಗಪಟ್ಟಣ ಬಿತ್ತು. ಕೋಠಿ ಇದ್ರೂ, ವ್ಯಾಪಾರ ಇದ್ರೂ ಮಸ್ಕತ್ ತನ್ನ ಲೆಕ್ಕ ತಾನು ನೋಡ್ಕೊಂತು. ಅವ್ರ ಜಾಗದಲ್ಲಿ ನಾವಿದ್ರೂ ಅದನ್ನೇ ಮಾಡ್ತಿದ್ವಿ.

ಮಲೆನಾಡ_ಅಡಿಕೆ
ಹ್ಞೂಂ, ಕೊನೇ ಮಾತು ಸರಿ. ಮತ್ತೆ ಘಟ್ಟದ ಕೆಳಗಿನವ್ರು ಮೇಲೆ ಹೇಳಿದ ಬುಕಾನನ್ ಲೆಕ್ಕ 1801ದು. ಅಂದ್ರೆ ಟಿಪ್ಪು ಸತ್ತು ಎರಡು ವರ್ಷಕ್ಕೆ ಅಕ್ಕಿ ಹಡಗು ಮಾಮೂಲಿ ಥರ ಓಡಾಡ್ತಿದೆ. ರಾಜರು ಹೋದ್ರೂ ಅಕ್ಕಿ ಹೋಗೋದು ನಿಂತಿಲ್ಲ.

ರೂವಿ_ಕನ್ನಡಿಗ
ಎಲ್ಲ ಓದ್ದೆ, ಚೆನ್ನಾಗಿದೆ. ನಾನು ಮಸ್ಕತ್‌ನಲ್ಲೇ ಇರೋದು, ಇಲ್ಲಿ ಮತ್ರಾ, ಹಳೇ ಮಸ್ಕತ್ ಓಡಾಡಿದ್ರೆ ಗೊತ್ತಾಗುತ್ತೆ, ಈ ಸಂಬಂಧದಲ್ಲಿ ನಾವು ಕನ್ನಡಿಗರು ಸರಕು ಕೊಟ್ಟೋರು, ಸಾಲ ಕೊಟ್ಟೋರು ಕಚ್ಛಿನ ಭಾಟಿಯಾಗಳು. ದೊಡ್ಡ ದುಡ್ಡು ಇದ್ದಿದ್ದು ಸಾಲದಲ್ಲಿ.

ಮಾಂಡ್ವಿ ಬಂದರಿನಿಂದ ಬಂದ ಈ ಭಾಟಿಯಾ ವ್ಯಾಪಾರಿಗಳು ಮಾಡ್ತಿದ್ದಿದ್ದು ಹೀಗೆ. ಖರ್ಜೂರದ ಸುಗ್ಗಿಗೆ ಮೊದ್ಲೇ ಒಳನಾಡಿನ ತೋಟದವ್ರಿಗೆ ಅಕ್ಕಿ, ಬಟ್ಟೆ, ಕಾಫಿ ಮುಂಗಡವಾಗಿ ಕೊಡೋದು, ಸುಗ್ಗಿ ಬಂದ್ಮೇಲೆ ಮೊದ್ಲೇ ಗೊತ್ತು ಮಾಡಿದ ರೇಟಿಗೆ ಖರ್ಜೂರ ಎತ್ಕೊಳ್ಳೋದು. ನಮ್ಮಲ್ಲಿ ಅಡಿಕೆ ಮಂಡಿಯವ್ರು ಮಾಡ್ತಿದ್ದ ಹಾಗೇ ಅನ್ಕೊಳ್ಳಿ. ಫರ್ದ್ ಅನ್ನೋ ಜಾತಿ ಖರ್ಜೂರ ಇಲ್ಲಿಂದ ನ್ಯೂಯಾರ್ಕ್ ವರೆಗೆ ಹೋಗ್ತಿತ್ತು, ಅದ್ರಲ್ಲಿ ರತನ್‌ಸಿ ಪುರುಷೋತ್ತಮ್ ದೊಡ್ಡ ಹೆಸರು. ಬರೀ ತೋಟದವ್ರಲ್ಲ, ಸುಲ್ತಾನರೂ ಇವ್ರ ಸಾಲಗಾರರೇ. ಬಂದರಿನ ಸುಂಕ ವಸೂಲಿನೇ ಇವ್ರಿಗೆ ಗುತ್ತಿಗೆ. 1920ರಲ್ಲಿ ವ್ಯಾಪಾರಿಗಳ ಬಾಕಿ ತೀರಿಸೋಕೆ ಸುಲ್ತಾನ್ ತೈಮೂರ್ ಬ್ರಿಟಿಷ್ ಭಾರತ ಸರ್ಕಾರದಿಂದ ಸಾಲ ತಗೊಂಡ, ಸಾಲದ ಜೊತೆ ಬ್ರಿಟಿಷರ ಹಿಡಿತನೂ ಬಂತು. ಆಮೇಲೆ 1932ರಲ್ಲಿ ಪಟ್ಟ ಬಿಟ್ಟ, ಸತ್ತಿದ್ದು 1965ರಲ್ಲಿ ಬಾಂಬೆಯಲ್ಲಿ. ಅವ್ನ ಮಗ ಸಯೀದ್ ಓದಿದ್ದು ಅಜ್ಮೇರ್‌ನ ಮೇಯೋ ಕಾಲೇಜಲ್ಲಿ.

1870ರಲ್ಲಿ ಬಂದ ಖಿಮ್ಜಿ ಮನೆತನ ಇವತ್ತಿಗೂ ಇಲ್ಲಿ ದೊಡ್ಡ ವ್ಯಾಪಾರಸ್ಥರು, ಆ ಮನೆಯ ಕನಕ್‌ಸಿ ಖಿಮ್ಜಿಯವರಿಗೆ ಸುಲ್ತಾನ್ ಕಾಬೂಸ್ ಶೇಖ್ ಪದವಿನೇ ಕೊಟ್ರು, ಹಿಂದೂ ಶೇಖ್ ಅಂತ ಪ್ರಸಿದ್ಧಿ, 2021ರಲ್ಲಿ ತೀರ್ಕೊಂಡ್ರು. ಹಳೇ ಮಸ್ಕತ್‌ನಲ್ಲಿ ಅರಮನೆ ಹತ್ರಾನೇ ಶಿವನ ಗುಡಿ ಇದೆ, ಶಿವರಾತ್ರಿಗೆ ಕಾಲಿಡೋಕೆ ಜಾಗ ಇರಲ್ಲ. ಮತ್ರಾದಲ್ಲಿ ಲವಾತಿಯಾ ಅಂತ ಇನ್ನೊಂದು ಸಮುದಾಯ ಇದೆ, ಮೂಲ ಸಿಂಧ್ ಕಡೆ, ಈಗ ಪೂರ್ತಿ ಒಮಾನಿಗಳು.

ಹುಬ್ಳಿ_ಮಂದಿ
ಆ ನರೋತ್ತಮ್ ಕತಿನೂ ಹೇಳ್ರಿ. ಪೋರ್ಚುಗೀಸರು 1507ರಾಗ ಮಸ್ಕತ್ ಹಿಡದು ಕೋಟಿ ಕಟ್ಟಿ ಕುಂತಿದ್ರಲ್ಲ, 1650ರಾಗ ಇಮಾಮ್ ಸುಲ್ತಾನ್ ಬಿನ್ ಸೈಫ್ ಅವ್ರನ್ನ ಓಡಸಿದ. ಅದಕ್ಕ ಈ ನರೋತ್ತಮ್ ಅನ್ನೋ ಬನಿಯಾ ವ್ಯಾಪಾರಿ ಸಹಾಯ ಮಾಡಿದ್ನಂತ, ಅವನ ಮಗಳ ಮ್ಯಾಲ ಪೋರ್ಚುಗೀಸ ಕಮಾಂಡರ್ ಕಣ್ಣು ಹಾಕಿದ್ದಕ್ಕ. ನೀರು ಕೆಟ್ಟಾವು, ಕಾಳು ಹುಳ ಹಿಡದಾವು, ಎಲ್ಲಾ ಬದಲಿ ಮಾಡಬೇಕು ಅಂತ ನಂಬಿಸಿ ಕೋಟ್ಯಾಗಿನ ದಾಸ್ತಾನೆಲ್ಲಾ ಖಾಲಿ ಮಾಡಿಸಿ ಇಮಾಮಗ ಹೇಳಿ ಕಳಸಿದ್ನಂತ. ಒಮಾನಿನ ಇತಿಹಾಸಕಾರ ಇಬ್ನ್ ರುಜೈಕ್ ಬರದಿದ್ದು. ಖರೇನೋ ಸುಳ್ಳೋ, ಕತಿ ಮಾತ್ರ ಜಬರ್ದಸ್ತ್ ಐತಿ.

ಘಟ್ಟದ_ಕೆಳಗೆ
ಕತೆ ಚಂದ ಉಂಟು. ಆದ್ರೆ ಭಾಟಿಯಾಗಳ ಬಗ್ಗೆ ಹೇಳುವಾಗ ಜಾಂಜಿಬಾರ್ ಬಿಟ್ರೆ ಅರ್ಧ ಹೇಳಿದ ಹಾಗೆ. ಹತ್ತೊಂಬತ್ತನೇ ಶತಮಾನದ ದೊರೆ ಸಯೀದ್ ಬಿನ್ ಸುಲ್ತಾನ್ ಕಾಲದಲ್ಲಿ ಒಮಾನ್ ಅಂದ್ರೆ ಸಣ್ಣ ದೇಶ ಅಲ್ಲ, ಆಫ್ರಿಕಾದ ಪೂರ್ವ ಕರಾವಳಿವರೆಗೂ ಅವನದ್ದೇ. ರಾಜಧಾನಿಯನ್ನೇ ಅಲ್ಲಿನ ಜಾಂಜಿಬಾರ್ ದ್ವೀಪಕ್ಕೆ ತಗೊಂಡು ಹೋದ. ಅವನ ಹಡಗುಗಳು ಬಾಂಬೆಯಲ್ಲಿ ಕಟ್ಟಿದ್ದು, 1840ರಲ್ಲಿ ನ್ಯೂಯಾರ್ಕಿಗೆ ಹೋದ ಸುಲ್ತಾನಾ ಹಡಗು ಮಜಗಾಂವಿನದ್ದು. ಜಾಂಜಿಬಾರಿನ ಸುಂಕದ ಗುತ್ತಿಗೆ ಬಹಳ ವರ್ಷ ಜೈರಾಮ್ ಶಿವಜಿ ಅನ್ನುವ ಕಚ್ಛಿ ಮನೆತನದ ಕೈಯಲ್ಲಿತ್ತು. ಅಲ್ಲಿ ಲವಂಗದ ತೋಟ, ತೋಟದಲ್ಲಿ ದುಡಿಯೋರು ಗುಲಾಮರು, ತೋಟಕ್ಕೆ ಸಾಲ ಕೊಟ್ಟೋರು ಭಾರತೀಯರು, ಸುಂಕದ ಪಟ್ಟಿಯಲ್ಲಿ ಆನೆದಂತದ ಜೊತೆ ಮನುಷ್ಯರೂ ಇದ್ರು. 1860ರ ಹೊತ್ತಿಗೆ ಬ್ರಿಟಿಷ್ ಕಾನ್ಸಲ್ ರಿಗ್ಬಿ ಅಲ್ಲಿನ ಭಾರತೀಯರ ಮನೆಗಳಲ್ಲಿದ್ದ ಗುಲಾಮರನ್ನು ಬಿಡಿಸಬೇಕಾಗಿ ಬಂತು. ಇದನ್ನು ಯಾವ ಭಾಷಣದಲ್ಲೂ ಹೇಳುವುದಿಲ್ಲ, ಎರಡೂ ಕಡೆಯವ್ರಿಗೆ ಮುಜುಗರ.

1856ರಲ್ಲಿ ಸಯೀದ್ ಸತ್ತ ಮೇಲೆ ಮಕ್ಕಳ ಜಗಳ, 1861ರಲ್ಲಿ ವೈಸರಾಯ್ ಕ್ಯಾನಿಂಗ್ ಕೂತು ಪಾಲು ಮಾಡಿದ. ಜಾಂಜಿಬಾರ್ ಬೇರೆ, ಮಸ್ಕತ್ ಬೇರೆ, ಶ್ರೀಮಂತ ಜಾಂಜಿಬಾರ್ ಬಡ ಮಸ್ಕತ್ತಿಗೆ ವರ್ಷಕ್ಕೆ 40,000 ಥೇಲರ್ ಬೆಳ್ಳಿ ನಾಣ್ಯ ಕೊಡಬೇಕು ಅಂತ. ಆ ದುಡ್ಡನ್ನು ಆಮೇಲೆ ಬ್ರಿಟಿಷ್ ಭಾರತದ ಖಜಾನೆಯಿಂದಲೇ ಕೊಟ್ರು. ಅಂದ್ರೆ ಕಲ್ಕತ್ತದಲ್ಲಿ ಕೂತವ್ರು ಒಮಾನಿನ ಆಸ್ತಿ ಭಾಗ ಮಾಡಿದ್ದು. ಸಮಾನರ ಸ್ನೇಹ ಅಂತ ಇದನ್ನು ಹೇಗೆ ಕರೆಯೋದು?

ಬಯಲುಸೀಮೆ_ಹುಡ್ಗ
ಇದು ನಿಜವಾಗ್ಲೂ ಗೊತ್ತಿರ್ಲಿಲ್ಲ. ಇಂಥದ್ದೇ ಬೇಕಿತ್ತು ನಂಗೆ. ಆಮೇಲೆ ನಮ್ಮ ರೂಪಾಯಿನೇ ಅಲ್ಲಿ ಓಡ್ತಿತ್ತು ಅಂತಾರಲ್ಲ ಅದು ನಿಜಾನಾ?

ನೋಟು_ನಾಣ್ಯ
ನಿಜ ಸಾರ್, ಇದು ನನ್ನ ಏರಿಯಾ 🙂 ಸ್ವಾತಂತ್ರ್ಯ ಬಂದ್ಮೇಲೂ ಒಮಾನ್, ಕುವೈತ್, ಬಹ್ರೇನ್, ಕತಾರ್, ಈಗಿನ ಯುಎಇ ಎಲ್ಲ ಕಡೆ ಭಾರತದ ರೂಪಾಯಿನೇ ನಡೀತಿತ್ತು. ಅಲ್ಲಿಂದ ಚಿನ್ನ ಕಳ್ಳಸಾಗಣೆ ಜೋರು, ರೂಪಾಯಿ ಕೊಟ್ಟು ಚಿನ್ನ ತರೋದು, ಆ ರೂಪಾಯಿ ತಿರುಗಿ ಬ್ಯಾಂಕಿಗೆ ಬಂದಾಗ ನಮ್ಮ ವಿದೇಶಿ ವಿನಿಮಯ ಕರಗೋದು. ಅದಕ್ಕೆ 1959ರಲ್ಲಿ ರಿಸರ್ವ್ ಬ್ಯಾಂಕ್ ಆ ಕಡೆಗೆ ಅಂತಲೇ ಬೇರೆ ನೋಟು ಮಾಡ್ತು, ಬಣ್ಣ ಬೇರೆ, ನಂಬರ್ ಮುಂದೆ ಝಡ್ ಅಕ್ಷರ. ಕುವೈತ್ 1961ರಲ್ಲಿ ಬಿಡ್ತು, ಬಹ್ರೇನ್ 1965. 1966ರ ಜೂನ್‌ನಲ್ಲಿ ನಾವು ರೂಪಾಯಿ ಅಪಮೌಲ್ಯ ಮಾಡಿದ್ವಲ್ಲ, ಡಾಲರ್ 4.76ರಿಂದ 7.50ಕ್ಕೆ, ಅಲ್ಲಿ ಕೂಡಿಟ್ಟೋರ ದುಡ್ಡು ರಾತ್ರೋರಾತ್ರಿ ಕರಗಿ ಹೋಯ್ತು, ಕತಾರ್, ದುಬೈ ಎಲ್ಲ ಬೇರೆ ದುಡ್ಡಿಗೆ ಹೋದ್ವು. ಒಮಾನ್ ಮಾತ್ರ 1970ರವರೆಗೂ ಇಟ್ಕೊಂಡಿತ್ತು, ಆಮೇಲೆ 21 ರೂಪಾಯಿಗೆ ಒಂದು ರಿಯಾಲ್ ಅಂತ ಸ್ವಂತದ್ದು ಶುರು ಮಾಡಿದ್ರು. ಈಗ ಒಂದು ರಿಯಾಲಿಗೆ ನಾವೆಷ್ಟು ಕೊಡ್ತೀವಿ ಅಂತ ನೋಡಿ, ಬೇಜಾರಾಗುತ್ತೆ. ಆ ಝಡ್ ನೋಟುಗಳು ಸಿಕ್ರೆ ಈಗ ಸಂಗ್ರಹಕಾರರ ಹತ್ರ ಒಳ್ಳೇ ಬೆಲೆ ಇದೆ, ಮನೇಲಿ ಅಜ್ಜನ ಟ್ರಂಕ್ ಇದ್ರೆ ಒಂದ್ಸಲ ಹುಡ್ಕಿ.

ಸುಮ್ನೆ_ಓದುಗ
ನಮ್ಮಜ್ಜನ ಟ್ರಂಕಲ್ಲಿ ಬರೀ ಸೊಸೈಟಿ ಸಾಲದ ನೋಟೀಸ್ ಇದೆ.

ರೈತ_ಮಗ
ಇತಿಹಾಸ ಸಾಕು, ಈಗಿನ ಲೆಕ್ಕಕ್ಕೆ ಬನ್ನಿ. ನಮ್ಮ ಹೊಲಕ್ಕೆ ಹಾಕೋ ಯೂರಿಯಾ ಇದೆಯಲ್ಲ, ಅದ್ರಲ್ಲಿ ಎಷ್ಟೋ ಮೂಟೆ ಒಮಾನಿನ ಸೂರ್ ಊರಿಂದ ಬಂದಿದ್ದು. ಅಲ್ಲಿ ಒಮಿಫ್ಕೊ ಅಂತ ಕಾರ್ಖಾನೆ, ಅರ್ಧ ಪಾಲು ಒಮಾನ್ ಸರ್ಕಾರಿ ಕಂಪನಿದು, ಉಳಿದರ್ಧ ನಮ್ಮ ಗೊಬ್ಬರದ ಸಹಕಾರಿ ಸಂಸ್ಥೆಗಳಾದ ಇಫ್ಕೊ, ಕ್ರಿಭ್ಕೊದು, ಶೇ 25-25. ಅಲ್ಲಿ ಅನಿಲ ಇದೆ, ಇಲ್ಲಿ ಹೊಲ ಇದೆ, ಅನಿಲನ ಹಡಗಲ್ಲಿ ತಂದು ಇಲ್ಲಿ ಗೊಬ್ಬರ ಮಾಡೋದಕ್ಕಿಂತ ಅಲ್ಲೇ ಮಾಡಿ ಮೂಟೆ ತರೋದು ಸಲೀಸು ಅನ್ನೋ ಲೆಕ್ಕ. 2005ರ ಆಸುಪಾಸಲ್ಲಿ ಶುರುವಾಗಿದ್ದು. ಎರಡು ದೇಶ ಸೇರಿ ಮಾಡಿದ ಕೆಲ್ಸದಲ್ಲಿ ನಂಗೆ ಗೊತ್ತಿರೋ ಹಾಗೆ ರೈತನ ಮನೆ ಬಾಗಿಲಿಗೆ ಬಂದಿದ್ದು ಇದೊಂದೇ. ಉಳಿದಿದ್ದೆಲ್ಲ, ಮಧ್ಯಪ್ರದೇಶದ ಬೀನಾ ತೈಲ ರಿಫೈನರೀಲಿ ಒಮಾನ್ ಪಾಲು ಇತ್ತು 2021ರಲ್ಲಿ ಬಿಪಿಸಿಎಲ್ ವಾಪಸ್ ಕೊಂಡ್ಕೊಂತು, ಸಮುದ್ರದಡಿ ಗ್ಯಾಸ್ ಪೈಪ್‌ಲೈನ್ ಅಂತ ತೊಂಬತ್ತರ ದಶಕದಿಂದ ಹೇಳ್ತಾನೇ ಇದಾರೆ, ಪೈಪು ಮಾತ್ರ ಕಾಗದದ ಮೇಲೇ ಇದೆ.

ರಫ್ತು_ರಗಳೆ
ಸಣ್ಣ ರಫ್ತು ವ್ಯವಹಾರ ನಂದು, ಅದಕ್ಕೆ ಹೊಸ ಒಪ್ಪಂದದ ಬಗ್ಗೆ ನಾನು ಹೇಳ್ತೀನಿ. ಒಮಾನ್ ಶೇ 98ಕ್ಕಿಂತ ಜಾಸ್ತಿ ಪದಾರ್ಥಗಳಿಗೆ ಸುಂಕ ಸೊನ್ನೆ ಮಾಡುತ್ತೆ ಅಂತ ಹೆಡ್‌ಲೈನ್ ಬಂತು, ಎಲ್ರೂ ಕುಣಿದಾಡಿದ್ರು. ಸ್ವಲ್ಪ ತಡೀರಿ, ಅಲ್ಲಿ ಮೊದ್ಲು ಸುಂಕ ಎಷ್ಟಿತ್ತು? ಕೊಲ್ಲಿ ದೇಶಗಳದ್ದೆಲ್ಲ ಮಾಮೂಲಿ ಶೇ 5. ಐದರಿಂದ ಸೊನ್ನೆ. ಒಳ್ಳೇದೇ, ಬಟ್ಟೆ ಥರ ಲಾಭ ತೆಳುವಾಗಿರೋ ಮಾಲಿಗೆ ಐದೇ ದೊಡ್ಡದು, ಆದ್ರೆ ಜೀವನ ಬದಲಾಗೋ ಅಷ್ಟಲ್ಲ. 2024-25ರಲ್ಲಿ ಎರಡೂ ಕಡೆ ಸೇರಿ ವ್ಯಾಪಾರ ಸುಮಾರು 10.6 ಬಿಲಿಯನ್ ಡಾಲರ್, ಅದ್ರಲ್ಲಿ ನಾವು ತರಿಸಿಕೊಂಡಿದ್ದೇ ಜಾಸ್ತಿ, ಕಚ್ಚಾ ತೈಲ, ಅನಿಲ, ಗೊಬ್ಬರ, ಜಿಪ್ಸಂ ಇಂಥವು. ನಮ್ಮ ಕಡೆಯಿಂದ ಡೈರಿ, ಟೀ, ಕಾಫಿ, ರಬ್ಬರ್, ತಂಬಾಕು ರಿಯಾಯಿತಿಯಿಂದ ಹೊರಗಿಟ್ಟಿದಾರೆ, ಕೊಡಗು ಚಿಕ್ಕಮಗಳೂರಿನೋರು ನೆಮ್ಮದಿಯಾಗಿರಿ.

ನಂಗೆ ಇಂಟರೆಸ್ಟಿಂಗ್ ಅನ್ಸಿದ್ದು ಸೇವಾ ವಲಯ. ಕಂಪನಿ ಒಳಗಿನಿಂದಲೇ ವರ್ಗ ಆಗಿ ಹೋಗೋ ಸಿಬ್ಬಂದಿ ಮಿತಿ ಶೇ 20ರಿಂದ 50ಕ್ಕೆ ಏರ್ಸಿದಾರೆ. ಲಾಭ ಆಗೋದು ಮ್ಯಾನೇಜರ್, ಎಂಜಿನಿಯರ್, ಅಕೌಂಟೆಂಟ್‌ಗಳಿಗೆ.

ರೂವಿ_ಕನ್ನಡಿಗ
ಅದೇ ಹೇಳ್ಬೇಕು ಅಂತಿದ್ದೆ. ಇಲ್ಲಿ ಆರೇಳು ಲಕ್ಷ ಭಾರತೀಯರಿದೀವಿ, ಅದ್ರಲ್ಲಿ ಬಹುಪಾಲು ಸೈಟ್ ಕೆಲ್ಸ, ಡ್ರೈವಿಂಗ್, ಅಂಗಡಿ, ಮನೆಗೆಲಸ. ಅವ್ರಿಗೆ ಈ ಒಪ್ಪಂದದಲ್ಲಿ ಹೇಳಿಕೊಳ್ಳೋ ಅಂಥದ್ದು ಕಾಣ್ಲಿಲ್ಲ. ಇನ್ನೊಂದು ಕಡೆ ಒಮಾನಿಗಳ ಕಷ್ಟನೂ ಹೇಳ್ಬೇಕು. 1970ರವರೆಗೆ ಇಲ್ಲಿ ಡಾಂಬರು ರಸ್ತೆ ಹತ್ತು ಕಿಲೋಮೀಟರ್, ಶಾಲೆ ಮೂರು ಅಂತ ಹೇಳ್ತಾರೆ, ಆಗ ಒಮಾನಿಗಳೇ ಕೆಲ್ಸ ಹುಡ್ಕೊಂಡು ಕುವೈತ್, ಬಹ್ರೇನ್ ಹೋಗ್ತಿದ್ರು. ಎಣ್ಣೆ ರಫ್ತು ಶುರುವಾಗಿದ್ದು 1967, ಕಾಬೂಸ್ ಬಂದಿದ್ದು 1970, ಆಮೇಲೆ ದೇಶ ಕಟ್ಟೋಕೆ ನಾವು ಬಂದ್ವಿ. ಈಗ ಅವ್ರ ಮಕ್ಕಳು ಓದಿದಾರೆ, ಕೆಲ್ಸ ಬೇಕು. ಒಮಾನೀಕರಣ ಅಂತ, ಕೆಲ್ಸ ಮೊದ್ಲು ಒಮಾನಿಗಳಿಗೆ ಅನ್ನೋ ನೀತಿ, 1988ರಿಂದ್ಲೇ ಇದೆ, 2018ರಲ್ಲಿ 87 ಹುದ್ದೆಗಳಿಗೆ ಹೊಸ ವೀಸಾ ನಿಲ್ಲಿಸಿದ್ರು. ನನ್ನ ಪರಿಚಯದ ಎಷ್ಟೋ ಜನ ಆಗ ಊರಿಗೆ ಹೋದ್ರು, ಕೆಲವ್ರಿಗೆ ಬಾಕಿ ಸಂಬಳ ಕೂಡ ಪೂರ್ತಿ ಸಿಗ್ಲಿಲ್ಲ. ಬೇಜಾರಾಗುತ್ತೆ, ಆದ್ರೆ ಬೆಂಗ್ಳೂರಲ್ಲಿ ಸ್ಥಳೀಯರಿಗೆ ಕೆಲ್ಸ ಅಂತ ನಾವೇ ಪೋಸ್ಟ್ ಹಾಕ್ತೀವಲ್ಲ, ಇಲ್ಲಿ ಅದೇ ಮಾತು ಅರಬಿ ಭಾಷೇಲಿ ಕೇಳ್ಸುತ್ತೆ. 2028ರ ಜನವರಿಯಿಂದ 42,000 ರಿಯಾಲ್ ಮೇಲಿನ ವಾರ್ಷಿಕ ಆದಾಯಕ್ಕೆ ಶೇ 5 ತೆರಿಗೆನೂ ಬರ್ತಿದೆ, ಕೊಲ್ಲೀಲಿ ಮೊದ್ಲು ಇವ್ರೇ. ನಮ್ಮಂಥೋರ ಸಂಬಳ ಅಷ್ಟಿಲ್ಲ, ಹಾಗಾಗಿ ಚಿಂತೆ ಇಲ್ಲ 😅

ಬಂದರು_ಬೂತಾಯಿ
ಎಲ್ಲರೂ ಎಣ್ಣೆ, ಯೂರಿಯಾ ಹೇಳಿದ್ರಿ, ಮೀನು ಯಾರೂ ಹೇಳ್ಲಿಲ್ಲ! ಇಲ್ಲಿ ಬೂತಾಯಿ ಕಡಿಮೆ ಆದ ವರ್ಷ ಮಾರ್ಕೆಟಿಗೆ ಒಮಾನ್ ಬೂತಾಯಿ ಬರ್ತದೆ ಮಾರಾಯ್ರೆ. ದೊಡ್ಡದು ಇರ್ತದೆ, ಚಂದ ಕಾಣ್ತದೆ, ಸಾರು ಮಾಡಿದ್ರೆ ನಮ್ಮದ್ರ ರುಚಿ ಇಲ್ಲ. ನಮ್ಮಮ್ಮ ಕೈಯಲ್ಲಿ ಮುಟ್ಟಿಯೇ ಹೇಳ್ತಾರೆ ಇದು ಊರಿನದ್ದಲ್ಲ ಅಂತ. ಕೇರಳದಲ್ಲೂ ಇದೇ ಕತೆ. ಅಕ್ಕಿ ನಾವು ಕಳಿಸ್ತಿದ್ದೆವು, ಈಗ ಅನ್ನದ ಜೊತೆಗಿನ ಮೀನು ಅವರು ಕಳಿಸ್ತಾರೆ.

ಕಾವೇರಿ_ತೀರ
ಕಾರವಾರದ ಆ ಹೊಲಿದ ಹಡಗಿನ ಸುದ್ದಿ ಯಾರೂ ಹಾಕಿಲ್ಲ. ಐಎನ್‌ಎಸ್‌ವಿ ಕೌಂಡಿನ್ಯ, ಅಜಂತಾ ಚಿತ್ರ ನೋಡಿ ಮಾಡಿದ್ದು, ಮೊಳೆ ಇಲ್ಲ, ನಾರಿನ ಹಗ್ಗದಲ್ಲಿ ಹೊಲಿದಿರೋದು, 2025ರ ಮೇ ತಿಂಗಳಲ್ಲಿ ಕಾರವಾರದಲ್ಲೇ ನೌಕಾಪಡೆಗೆ ಸೇರ್ಸಿದ್ದು. ಡಿಸೆಂಬರ್ ಕೊನೆಗೆ ಪೋರಬಂದರಿನಿಂದ ಮಸ್ಕತ್ ಕಡೆ ಹೊರಟಿತು. ಘಟ್ಟದ ಕೆಳಗಿನವ್ರು ಹೇಳಿದ ಈಶಾನ್ಯ ಗಾಳಿ ಲೆಕ್ಕಾನೇ.

ಘಟ್ಟದ_ಕೆಳಗೆ
ಹೌದು, 1980ರಲ್ಲಿ ಉಲ್ಟಾ ಆಗಿತ್ತು. ಟಿಮ್ ಸೆವೆರಿನ್ ಅನ್ನುವವ ಒಮಾನಿನ ಸೂರ್‌ನಲ್ಲಿ ಸೋಹಾರ್ ಅಂತ ಇದೇ ಥರ ಹಡಗು ಹೊಲಿಸಿ ಚೀನಾಕ್ಕೆ ಹೋದ. ಆಗಲೂ ಮರ ಹೋದದ್ದು ಮಲಬಾರಿಂದ.

ಬಯಲುಸೀಮೆ_ಹುಡ್ಗ
ಥ್ಯಾಂಕ್ಸ್ ಎಲ್ರಿಗೂ, ಇಷ್ಟು ಬರ್ತೀರ ಅಂತ ಅನ್ಕೊಂಡಿರ್ಲಿಲ್ಲ. ಫ್ರೆಂಡ್ ಒಬ್ಬ ಅಲ್ಲಿ ಇದಾನೆ, ಹೋಗೋ ಪ್ಲಾನ್ ಇದೆ. ಮಾಲ್ ಬಿಟ್ಟು ಏನ್ ನೋಡ್ಬೋದು ರೂವಿ ಅಣ್ಣ?

ರೂವಿ_ಕನ್ನಡಿಗ
ಮಸ್ಕತ್ತಿಂದ ಸೂರ್ ಕಡೆ ಕಾರಲ್ಲಿ ಹೊರಡು, ಇನ್ನೂರು ಕಿಲೋಮೀಟರ್ ಆಸುಪಾಸು, ರಸ್ತೆ ಬೆಣ್ಣೆ. ದಾರೀಲಿ ಕಲ್ಹಾತ್ ಸಿಗುತ್ತೆ, ಕುದುರೆ ಹತ್ತಿಸ್ತಿದ್ದ ಊರು, ಈಗ ಬೀಬಿ ಮರಿಯಂ ಗೋರಿ ಬಿಟ್ರೆ ಬರೀ ಕಲ್ಲುಗುಡ್ಡೆ, 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಒಳಗೆ ಬಿಡ್ತಾರಾ ಅಂತ ಮೊದ್ಲೇ ಕೇಳ್ಕೊಂಡು ಹೋಗು. ಸೂರ್‌ನಲ್ಲಿ ಹಡಗು ಕಟ್ಟೋ ಅಂಗಳ, ಫತಹ್ ಅಲ್ ಖೈರ್ ಅನ್ನೋ ಹಳೇ ಹಡಗು ನೋಡು. ರಾತ್ರಿಗೆ ರಾಸ್ ಅಲ್ ಜಿನ್ಜ್, ಆಮೆ ಮೊಟ್ಟೆ ಇಡೋಕೆ ಬರುತ್ತೆ, ಮೇ ಇಂದ ಸೆಪ್ಟೆಂಬರ್ ಜಾಸ್ತಿ, ಆದ್ರೆ ಆ ಸೆಕೆ ನಿನ್ ಕೈಲಿ ತಡೆಯೋಕಾಗಲ್ಲ, ನವೆಂಬರ್‌ಗೆ ಬಾ. ಬುಕಿಂಗ್ ಮೊದ್ಲೇ ಮಾಡ್ಕೋ, ಮತ್ತೆ ಬರುವಾಗ ಒಂದು ಪ್ಯಾಕೆಟ್ ರಾಗಿ ಹಿಟ್ಟು ತಗೊಂಡು ಬಾ ಮಾರಾಯ, ಇಲ್ಲಿ ಸಿಗೋದು ಹಳೇದಿರುತ್ತೆ.